ಸಡಿಲುವ ಕವಚ

ಅನ್ಯರ ಜೀವಕೋಶಗಳನ್ನು ನಾಟಿದರೆ ನಮ್ಮ ದೇಹ ಅವನ್ನು ಹಗೆಯೆಂದು ಬಗೆದು ಕೊಲ್ಲುವುದನ್ನು ನೀವು ಬಲ್ಲಿರಿ. ಅವಕ್ಕೊಂದು ಕವಚ ತೊಡಿಸಿದರೆ? ೧೯೮೦ರಲ್ಲಿ ಲಿಮ್ ಮತ್ತು ಸನ್ ಎಂಬ ವಿಜ್ಞಾನಿಗಳು ಇನ್ಸುಲಿನ್ ಸ್ರವಿಸುವ ಕೋಶಗಳನ್ನು ಕಡಲಪಾಚಿಯ ಆಲ್ಜಿನೇಟ್ ಅಂಟಿನ ಕಿರುಗುಳಿಗೆಗಳಲ್ಲಿಟ್ಟು, ಮಧುಮೇಹವಿದ್ದ ಇಲಿಗಳಿಗೆ ನಾಟಿದರು. ರೋಗ ಹತೋಟಿಯಲ್ಲಿದ್ದುದು ಎರಡು ಮೂರು ವಾರ ಮಾತ್ರ.

ಕವಚ ಸಡಿಲುವುದೇಕೆ? ಅದರ ಎಳೆಗಳನ್ನು ಬಿಗಿದಿರುವುದು ಕ್ಯಾಲ್ಸಿಯಂ. ದೇಹರಸದಲ್ಲಿ ಹೇರಳವಾದ ಸೋಡಿಯಂ ಮೆಲ್ಲಮೆಲ್ಲನೆ ಅದರ ಸ್ಥಾನವನ್ನು ಆಕ್ರಮಿಸುತ್ತದೆ. ಗುಳಿಗೆ ಉಬ್ಬಿ ಬಿರಿಯುತ್ತದೆ. ಹೊರಗೆ ನಾರಿನ ಪದರ ಬೆಳೆದು ಒಳಗಿನ ಕೋಶಗಳ ಉಸಿರು ಕಟ್ಟುವುದೂ ಉಂಟು.

ಹಾಗೆಂದು ನಿರಾಶರಾಗಬೇಕಿಲ್ಲ. ೧೯೯೬ರಲ್ಲಿ ನ್ಯೂಜಿಲೆಂಡಿನ ರೋಗಿಯೊಬ್ಬನಿಗೆ ಹಂದಿಯ ಕೋಶಗಳನ್ನು ಹೀಗೆಯೇ ನಾಟಿದ್ದರು. ಒಂಬತ್ತೂವರೆ ವರ್ಷದ ಮೇಲೆ ನೋಡಿದಾಗ ಕೆಲವು ಇನ್ನೂ ಬದುಕಿದ್ದವು! ಕವಚ ತೊಡಿಸುವುದನ್ನು ಕಲಿತಾಯಿತು, ವಾಚಕರೇ. ಅದನ್ನು ಬಹುಕಾಲ ಉಳಿಸುವ ಕೆಲಸ ಬಾಕಿಯಿದೆ.