ಆಪ್ತರ ತಪ್ಪಿಗೆ ಒಡೆಯ ಹೊಣೆಯೇ? ಮುಂಬಯಿ ಕಂಡ ಕೆಲವು ರಾಜೀನಾಮೆಗಳು

ಬಾಂದ್ರಾದ ಹಿಲ್ ರೋಡ್ ಗೊತ್ತಿಲ್ಲದ ಮುಂಬಯಿ ಕನ್ನಡತಿ ಇರಲಿಕ್ಕಿಲ್ಲ. ಬಟ್ಟೆ, ಚಪ್ಪಲಿ, ಬಳೆ ಎಂದು ಚೌಕಾಸಿ ಮಾಡಿ ಕೈಚೀಲ ತುಂಬಿಸಿಕೊಂಡು ಬಂದ ನಮಗೆ ಆ ರಸ್ತೆಯ ಅಧಿಕೃತ ಹೆಸರು ರಾಮದಾಸ್ ನಾಯಕ್ ಮಾರ್ಗ ಎಂಬುದು ಮಾತ್ರ ಅಷ್ಟಾಗಿ ನೆನಪಿರುವುದಿಲ್ಲ. ರಿಕ್ಷಾದವನಿಗೆ ಆ ಹೆಸರು ಹೇಳಿದರೆ ಅವನೂ ಮುಖ ನೋಡುತ್ತಾನೆ. ಈ ರಾಮದಾಸ್ ನಾಯಕ್ ಯಾರು ಎಂದು ನಮ್ಮ ಮಹಿಳಾ ವಿಭಾಗದ ಕಿರಿಯ ಸದಸ್ಯೆಯೊಬ್ಬಳು ಕೇಳಿದಾಗ ಎರಡು ಮಾತಿನಲ್ಲಿ ಮುಗಿಸಲು ನನ್ನಿಂದಾಗಲಿಲ್ಲ. ಅವರ ಕತೆಯೊಳಗೆ ಒಬ್ಬ ಮುಖ್ಯಮಂತ್ರಿಯ ಕತೆ ಇದೆ, ಅದರೊಳಗೆ ಇಂದಿಗೂ ಹಳತಾಗದ ಒಂದು ಪ್ರಶ್ನೆ ಇದೆ. ಹಗರಣ ಮನೆ ಬಾಗಿಲಿಗೆ, ಆಪ್ತರ ಕೈಯಳತೆಗೆ ಬಂದಾಗ ರಾಜಕಾರಣಿ ಉಳಿಯುತ್ತಾನೆಯೇ? ಆ ಉತ್ತರವನ್ನೇ ಈ ಸಂಚಿಕೆಗೆ ಬರೆಯುತ್ತಿದ್ದೇನೆ.

ಮೊದಲು ಸಿಮೆಂಟಿನಿಂದ ಶುರು ಮಾಡೋಣ. ನಾನು ಮದುವೆಯಾಗಿ ಬಾಂದ್ರಾಕ್ಕೆ ಬಂದ ಹೊಸತರಲ್ಲಿ ಮುಂಬಯಿಯಲ್ಲಿ ಸಿಮೆಂಟ್ ಎಂಬುದು ಸಕ್ಕರೆ, ಸೀಮೆಎಣ್ಣೆಗಳ ಹಾಗೆಯೇ ಸರಕಾರ ಅಳೆದು ಕೊಡುವ ವಸ್ತುವಾಗಿತ್ತು. ಮಳೆಗಾಲದಲ್ಲಿ ಮಾಳಿಗೆ ಸೋರಿದರೆ ನಾಲ್ಕು ಚೀಲ ಸಿಮೆಂಟಿಗೆ ಅರ್ಜಿ, ಪರ್ಮಿಟ್, ಕಾಯುವಿಕೆ. ಕಾಯಲಾಗದವರು ಕಾಳಸಂತೆಯಲ್ಲಿ ಹೆಚ್ಚು ಬೆಲೆ ತೆತ್ತು ತರುತ್ತಿದ್ದರು. ನಮ್ಮ ಸೊಸೈಟಿಯಲ್ಲಿಯೂ ಒಂದು ಇಡೀ ಮಳೆಗಾಲ ಬಕೆಟ್ಟು, ಪಾತ್ರೆಗಳನ್ನು ಸೋರುವಲ್ಲಿ ಇಟ್ಟು ಕಳೆದೆವು. ಅದೇ ವೇಳೆ ಪಕ್ಕದಲ್ಲೇ ಎತ್ತೆತ್ತರದ ಹೊಸ ಕಟ್ಟಡಗಳು ಏಳುತ್ತಿದ್ದವು. ಅವರಿಗೆ ಎಲ್ಲಿಂದ ಬರುತ್ತದೆ ಇಷ್ಟು ಸಿಮೆಂಟ್ ಎಂದು ನಮ್ಮಂಥ ಗೃಹಿಣಿಯರು ನೀರಿನ ಸರತಿಯಲ್ಲಿ ನಿಂತು ಮಾತಾಡಿಕೊಳ್ಳುತ್ತಿದ್ದೆವು.

ಆ ಪ್ರಶ್ನೆಗೆ ಉತ್ತರ 1981ರ ಆಗಸ್ಟ್ 31ರಂದು ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಯಲ್ಲಿ ಬಂತು. ಬರೆದವರು ಅರುಣ್ ಶೌರಿ. ಆಗ ಮಹಾರಾಷ್ಟ್ರದ ಮುಖ್ಯಮಂತ್ರಿ ಅಬ್ದುಲ್ ರೆಹಮಾನ್ ಅಂತುಳೆ. 1980ರ ಜೂನ್‌ನಲ್ಲಿ ಗಾದಿಗೆ ಬಂದವರು, ರಾಜ್ಯದ ಮೊದಲ ಮುಸ್ಲಿಂ ಮುಖ್ಯಮಂತ್ರಿ. ಅವರ ಬಗ್ಗೆ ಬರೀ ಕೆಟ್ಟದ್ದನ್ನೇ ಹೇಳಿದರೆ ಅನ್ಯಾಯವಾದೀತು. ಆಸರೆ ಇಲ್ಲದ ವಿಧವೆಯರಿಗೂ ಅಂಗವಿಕಲರಿಗೂ ತಿಂಗಳು ತಿಂಗಳು ನೆರವು ಕೊಡುವ ಸಂಜಯ್ ಗಾಂಧಿ ನಿರಾಧಾರ ಯೋಜನೆ ಶುರುವಾದದ್ದು ಅವರ ಕಾಲದಲ್ಲೇ. ಕೊಲಾಬಾ ಜಿಲ್ಲೆಗೆ ರಾಯಗಡ ಎಂದು ಹೆಸರಿಟ್ಟವರೂ ಅವರೇ. ಕಡತಗಳನ್ನು ಕೂಡಲೇ ವಿಲೇವಾರಿ ಮಾಡುವವರು ಎಂದು ಹೆಸರಾಗಿದ್ದರು.

ಆದರೆ ಅವರು ಇಂದಿರಾ ಗಾಂಧಿ ಪ್ರತಿಭಾ ಪ್ರತಿಷ್ಠಾನ ಎಂಬ ಟ್ರಸ್ಟನ್ನು ಕಟ್ಟಿದ್ದರು. ಕಲಾವಿದರಿಗೆ, ಸಾಹಿತಿಗಳಿಗೆ ನೆರವಾಗುವುದು ಉದ್ದೇಶ. ಅದಕ್ಕೆ ದೇಣಿಗೆ ಕೊಟ್ಟವರು ಯಾರು? ಸಹಕಾರಿ ಸಕ್ಕರೆ ಕಾರ್ಖಾನೆಗಳು, ಮುಂಬಯಿಯ ಬಿಲ್ಡರುಗಳು. ಒಂದು ಕೈಯಿಂದ ದೇಣಿಗೆಯ ಚೆಕ್ಕು, ಇನ್ನೊಂದು ಕೈಯಿಂದ ಸಿಮೆಂಟಿನ ಕೋಟಾ ಎಂಬುದೇ ಆರೋಪದ ತಿರುಳು. ಜನತಾ ಪಕ್ಷದ ಪಿ.ಬಿ. ಸಾಮಂತ್ ಮೊದಲಾದವರು ಮುಂಬಯಿ ಹೈಕೋರ್ಟಿನ ಮೆಟ್ಟಿಲೇರಿದರು. 1982ರ ಜನವರಿಯಲ್ಲಿ ನ್ಯಾಯಮೂರ್ತಿ ಬಖ್ತಾವರ್ ಲೆಂಟಿನ್ ತೀರ್ಪು ಕೊಟ್ಟರು. ಸಿಮೆಂಟ್ ಹಂಚಿಕೆಗೂ ದೇಣಿಗೆಗೂ ನಂಟು ಇದೆ ಎಂದರು. ಅಂತುಳೆ ರಾಜೀನಾಮೆ ಕೊಟ್ಟರು. ಮುಂದಿನ ತಿಂಗಳೇ ಕೇಂದ್ರ ಸರಕಾರ ಸಿಮೆಂಟಿನ ಮೇಲಿನ ನಿಯಂತ್ರಣವನ್ನು ಭಾಗಶಃ ಸಡಿಲಿಸಿತು, 1989ರಲ್ಲಿ ಪೂರ್ತಿ ತೆಗೆಯಿತು. ಅಭಾವ ಇದ್ದಲ್ಲಿ ಮಾತ್ರ ಹಂಚುವವನ ಕೈಗೆ ಬೆಲೆ ಎಂಬುದನ್ನು ರೇಷನ್ ಸಾಲಿನಲ್ಲಿ ನಿಂತ ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ.

ರಾಮದಾಸ್ ನಾಯಕ್ ಈ ಕತೆಗೆ ಬರುವುದು ಇಲ್ಲಿ. ಬಾಂದ್ರಾ ಪೂರ್ವದ ಖೇರ್‌ವಾಡಿಯಿಂದ ಶಾಸಕರಾಗಿದ್ದ ಭಾಜಪ ನಾಯಕ ಅವರು. ಮುಖ್ಯಮಂತ್ರಿ ಇಳಿದದ್ದೇ ಸಾಕು ಎಂದು ಅವರು ಸುಮ್ಮನಾಗಲಿಲ್ಲ. ಲೇಖನ ಬಂದ ಮಾರನೆಯ ದಿನವೇ, 1981ರ ಸೆಪ್ಟೆಂಬರ್ 1ರಂದು, ಮೊಕದ್ದಮೆ ಹೂಡಲು ರಾಜ್ಯಪಾಲರ ಅನುಮತಿ ಕೇಳಿದ್ದರು. ಅನುಮತಿ ಬಂದದ್ದು 1982ರ ಜುಲೈಯಲ್ಲಿ. ಬಳಿಕ ಪ್ರಕರಣ ವಿಶೇಷ ನ್ಯಾಯಾಲಯ, ಹೈಕೋರ್ಟ್, ಸುಪ್ರೀಂ ಕೋರ್ಟ್ ಎಂದು ಅಲೆಯಿತು. ಅಂತುಳೆ ಶಾಸಕರೂ ಆಗಿದ್ದರಿಂದ ಮೊಕದ್ದಮೆಗೆ ಇನ್ನೊಂದು ಅನುಮತಿ ಬೇಕೇ ಎಂಬ ಒಂದು ಪ್ರಶ್ನೆಗೆ ವರ್ಷಗಳೇ ಹಿಡಿದವು. ಬೇಡ ಎಂದು ಸುಪ್ರೀಂ ಕೋರ್ಟ್ 1984ರ ಫೆಬ್ರವರಿಯಲ್ಲಿ ಹೇಳಿ, ವಿಚಾರಣೆಯನ್ನು ಹೈಕೋರ್ಟಿಗೆ ವರ್ಗಾಯಿಸಿತು. 1988ರ ಏಪ್ರಿಲ್‌ನಲ್ಲಿ ಅದೇ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ಹಾಗೆ ವರ್ಗಾಯಿಸಿದ್ದೇ ತಪ್ಪು ಎಂದು ಬಹುಮತದಿಂದ ರದ್ದುಮಾಡಿತು. ಆ ಬಹುಮತವನ್ನು ಒಪ್ಪದೆ ಭಿನ್ನ ತೀರ್ಪು ಬರೆದವರು ನಮ್ಮ ಬೆಂಗಳೂರಿನ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರು ಎಂಬುದನ್ನು ಕನ್ನಡಿಗರು ನೆನೆಯಬೇಕು.

ಕೊನೆಗೂ ಅಂತುಳೆಯವರಿಗೆ ಶಿಕ್ಷೆಯಾಗಲಿಲ್ಲ. ನ್ಯಾಯಶಾಸ್ತ್ರ ಓದುವ ಮಕ್ಕಳು ಇಂದಿಗೂ ಅಂತುಳೆ ವಿರುದ್ಧ ನಾಯಕ್ ಎಂದು ಉರುಹಾಕುತ್ತಾರೆ. 1994ರ ಆಗಸ್ಟ್‌ನಲ್ಲಿ ನಾಯಕ್ ಬಾಂದ್ರಾದಲ್ಲೇ ಭೂಗತ ಲೋಕದವರ ಗುಂಡಿಗೆ ಬಲಿಯಾದರು. ಆ ಕೊಲೆಗೂ ಈ ಮೊಕದ್ದಮೆಗೂ ಗಂಟು ಹಾಕಬೇಕಾಗಿಲ್ಲ. ಅಂತುಳೆಯವರೋ ಮತ್ತೆ ಲೋಕಸಭೆಗೆ ಆರಿಸಿಬಂದರು, ನರಸಿಂಹ ರಾವ್ ಸರಕಾರದಲ್ಲಿ ಆರೋಗ್ಯ ಮಂತ್ರಿಯಾದರು, ಮನಮೋಹನ್ ಸಿಂಗ್ ಸರಕಾರದಲ್ಲಿ ಅಲ್ಪಸಂಖ್ಯಾತರ ಖಾತೆ ನೋಡಿಕೊಂಡರು. 2014ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಆದರೆ ಮುಖ್ಯಮಂತ್ರಿಯ ಕುರ್ಚಿ ಮಾತ್ರ ಮತ್ತೆ ಸಿಗಲಿಲ್ಲ.

ಇದು ನೇರ ಆರೋಪದ ಕತೆಯಾಯಿತು. ಕೈಕೆಳಗಿನವರು ಮಾಡಿದ್ದಕ್ಕೆ ಮೇಲಿನವರು ಹೊಣೆಯೇ ಎಂಬ ಕಷ್ಟದ ಪ್ರಶ್ನೆ ಎದ್ದದ್ದು ಅದಕ್ಕಿಂತ ಮೊದಲು. ಅದೂ ಮುಂಬಯಿಯಲ್ಲೇ. 1956ರ ಸೆಪ್ಟೆಂಬರ್ 1ರಂದು ಜೀವವಿಮಾ ನಿಗಮ ಹುಟ್ಟಿತು. 245 ಖಾಸಗಿ ಸಂಸ್ಥೆಗಳನ್ನು ಸೇರಿಸಿ ಸರಕಾರ ಕಟ್ಟಿದ ನಿಗಮ ಅದು. ವರ್ಷ ತುಂಬುವ ಮೊದಲೇ, 1957ರ ಜೂನ್‌ನಲ್ಲಿ, ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಆರು ಕಂಪನಿಗಳ ಶೇರುಗಳಿಗೆ ನಿಗಮ ಸುಮಾರು ಒಂದೂಕಾಲು ಕೋಟಿ ರೂಪಾಯಿ ಸುರಿಯಿತು. ಪಾಲಿಸಿ ಕಟ್ಟಿದ ಮಧ್ಯಮ ವರ್ಗದ ಮನೆಗಳ ಹಣ ಅದು. ಗಂಡ ಇಲ್ಲವಾದರೆ ಹೆಂಡತಿ ಮಕ್ಕಳಿಗೆ ಎಂದು ಇಟ್ಟ ಹಣ. ನಿಗಮದ ಹೂಡಿಕೆ ಸಮಿತಿಯನ್ನೂ ಕೇಳದೆ ವ್ಯವಹಾರ ನಡೆದಿತ್ತು.

ಇದನ್ನು ಲೋಕಸಭೆಯಲ್ಲಿ ಎತ್ತಿದವರು ಆಡಳಿತ ಪಕ್ಷದವರೇ ಆದ ಫಿರೋಜ್ ಗಾಂಧಿ, ಪ್ರಧಾನಿ ನೆಹರೂ ಅವರ ಅಳಿಯ. ವಿಚಾರಣೆಗೆ ನೇಮಕವಾದವರು ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗಲಾ. ಅವರು ವಿಚಾರಣೆಯನ್ನು ಬಾಗಿಲು ತೆರೆದಿಟ್ಟು ನಡೆಸಿದರು. ಜನ ಎಷ್ಟು ಮುತ್ತಿದರೆಂದರೆ ಒಳಗಿನ ಮಾತು ಕೇಳಲು ಹೊರಗೆ ಧ್ವನಿವರ್ಧಕ ಹಾಕಬೇಕಾಯಿತು. ಅರ್ಥಮಂತ್ರಿ ಟಿ.ಟಿ. ಕೃಷ್ಣಮಾಚಾರಿ ತಾನು ಈ ವ್ಯವಹಾರಕ್ಕೆ ಒಪ್ಪಿಗೆ ಕೊಟ್ಟಿಲ್ಲ ಎಂದರು. ಅವರ ಪ್ರಧಾನ ಕಾರ್ಯದರ್ಶಿ ಎಚ್.ಎಂ. ಪಟೇಲ್ ಮಂತ್ರಿಗೆ ತಿಳಿದೇ ನಡೆಯಿತು ಎಂದರು. ಮಂತ್ರಿ ಒಂದು ಕಡೆ, ಅವರ ಬಲಗೈ ಇನ್ನೊಂದು ಕಡೆ.

1958ರ ಫೆಬ್ರವರಿಯಲ್ಲಿ ಛಾಗಲಾ ವರದಿ ಕೊಟ್ಟರು. ಅದರ ಸಾರ ಇದು: ಕಾರ್ಯದರ್ಶಿಯ ಕೆಲಸಕ್ಕೆ ಮಂತ್ರಿಯೇ ಹೊಣೆ. ಕೈಕೆಳಗಿನವರ ಬೆನ್ನ ಹಿಂದೆ ಅವಿತುಕೊಳ್ಳಲು ಮಂತ್ರಿಗೆ ಬರುವುದಿಲ್ಲ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು, ಆ ವರ್ಷದ ಬಜೆಟ್ಟನ್ನು ನೆಹರೂ ಅವರೇ ಮಂಡಿಸಬೇಕಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೇವಲ್ಲ, ಇಲ್ಲಿ ಪೂಜಾರಿ ಕೊಟ್ಟ ವರಕ್ಕೆ ದೇವರೇ ಗುಡಿ ಬಿಡಬೇಕಾಯಿತು.

ಆದರೆ ಮುಂದೇನಾಯಿತು ನೋಡಿ. ಕೃಷ್ಣಮಾಚಾರಿ 1962ರಲ್ಲಿ ಮತ್ತೆ ಸಂಪುಟಕ್ಕೆ ಬಂದರು, 1963ರಲ್ಲಿ ಅದೇ ಅರ್ಥಮಂತ್ರಿಯಾದರು. 1965ರ ಕೊನೆಗೆ ಬೇರೆ ಆರೋಪಗಳ ಗದ್ದಲದಲ್ಲಿ ಎರಡನೆಯ ಬಾರಿ ರಾಜೀನಾಮೆ ಕೊಟ್ಟು ಹೊರನಡೆದರು. ಸರಕಾರಿ ನೌಕರಿ ಬಿಟ್ಟ ಎಚ್.ಎಂ. ಪಟೇಲ್ ರಾಜಕೀಯಕ್ಕೆ ಇಳಿದು, 1977ರಲ್ಲಿ ಮೊರಾರ್ಜಿ ದೇಸಾಯಿ ಸರಕಾರದಲ್ಲಿ ತಾವೇ ಅರ್ಥಮಂತ್ರಿಯಾದರು! ಒಂದೇ ಹಗರಣದಲ್ಲಿ ಎದುರುಬದುರು ನಿಂತ ಇಬ್ಬರೂ ಒಂದೇ ಕುರ್ಚಿಯಲ್ಲಿ ಕುಳಿತರು. ಸೆರೆಮನೆ ಕಂಡವನು ಮುಂಧ್ರಾ.

1986ರಲ್ಲಿ ಒಂದೇ ತಿಂಗಳ ಅಂತರದಲ್ಲಿ ಎರಡು ರಾಜ್ಯಗಳಲ್ಲಿ ನಡೆದದ್ದನ್ನೂ ಜೋಡಿಸಿ ನೋಡಬೇಕು. ಫೆಬ್ರವರಿಯಲ್ಲಿ ಕರ್ನಾಟಕ ಹೈಕೋರ್ಟ್ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ ರಾಮಕೃಷ್ಣ ಹೆಗಡೆಯವರ ಸರಕಾರವನ್ನು ಟೀಕಿಸಿತು. ಹೆಗಡೆ ಕೂಡಲೇ ರಾಜೀನಾಮೆ ಕೊಟ್ಟರು, ಪಕ್ಷದವರ ಒತ್ತಾಯದ ಮೇಲೆ ಮೂರು ದಿನದಲ್ಲಿ ಹಿಂತೆಗೆದುಕೊಂಡರು. ಮಾರ್ಚ್‌ನಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ಶಿವಾಜಿರಾವ್ ಪಾಟೀಲ್ ನಿಲಂಗೇಕರ್ ಹೋದರು. ಅವರ ಮಗಳ ಎಂ.ಡಿ. ಪರೀಕ್ಷೆಯ ಅಂಕ ತಿದ್ದಿದ ಪ್ರಕರಣದಲ್ಲಿ ಮುಂಬಯಿ ಹೈಕೋರ್ಟ್ ಕಟುವಾಗಿ ಮಾತಾಡಿತ್ತು. ಒಬ್ಬರು ಉಳಿದರು, ಇನ್ನೊಬ್ಬರು ಉಳಿಯಲಿಲ್ಲ. ಹೆಗಡೆಯವರಿಗೆ ಹಿಂದಿನ ವರ್ಷವಷ್ಟೇ 139 ಸ್ಥಾನ ಗೆದ್ದ ಬಲವಿತ್ತು, ತಾವಾಗಿಯೇ ರಾಜೀನಾಮೆ ಕೊಟ್ಟರೆಂಬ ಗೌರವವೂ ಇತ್ತು. ನಿಲಂಗೇಕರ್ ಅವರ ಕುರ್ಚಿ ದೆಹಲಿಯ ಹೈಕಮಾಂಡಿನ ಕೈಯಲ್ಲಿತ್ತು. ಆದರೆ ಆ ಬಲವೂ ಎರಡು ವರ್ಷವಷ್ಟೇ. ದೂರವಾಣಿ ಕದ್ದಾಲಿಕೆ ಪ್ರಕರಣದಲ್ಲಿ ತಾನು ಆದೇಶ ಕೊಟ್ಟಿಲ್ಲ ಎಂದ ಹೆಗಡೆ, ನೈತಿಕ ಹೊಣೆ ಹೊತ್ತು 1988ರ ಆಗಸ್ಟ್‌ನಲ್ಲಿ ಹೊರಬಂದರು. ಮುಂದೆ ಯೋಜನಾ ಆಯೋಗದ ಉಪಾಧ್ಯಕ್ಷರಾದರು, ಕೇಂದ್ರದಲ್ಲಿ ವಾಣಿಜ್ಯ ಮಂತ್ರಿಯಾದರು. ನಿಲಂಗೇಕರ್ ಕೂಡ ಮತ್ತೆ ಆರಿಸಿಬಂದು ಮಂತ್ರಿಯಾದರು. ಇಬ್ಬರೂ ಮುಖ್ಯಮಂತ್ರಿಯಾಗಲಿಲ್ಲ.

ಇಷ್ಟನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಂಡದ್ದು ಇದು. ಹಗರಣದಿಂದ ಕುರ್ಚಿ ಹೋಗುತ್ತದೆ, ರಾಜಕಾರಣ ಹೋಗುವುದಿಲ್ಲ. ನಾಲ್ಕೈದು ವರ್ಷ ತಾಳಿಕೊಂಡವರಿಗೆ ಇನ್ನೊಂದು ಕುರ್ಚಿ ಕಾದಿರುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರು. ಆ ಗಾದೆ ಹೆಣ್ಣುಮಕ್ಕಳಿಗೂ ಸಾಲಗಾರರಿಗೂ ಮಾತ್ರ ಅನ್ವಯವಾದಂತಿದೆ.

ಇನ್ನೊಂದು ಸಂಗತಿ. ಬಾಯಿಬಿಟ್ಟು ಆಜ್ಞೆ ಕೊಟ್ಟದ್ದಕ್ಕೆ ಸಾಕ್ಷಿ ಸಿಗುವುದು ಅಪರೂಪ. ಯಜಮಾನರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸಿ ಕೆಲಸ ಮುಗಿಸುವವರು ಸುತ್ತ ಇರುತ್ತಾರೆ. ಮನೆ ನಡೆಸಿದ ನಮಗೆ ಇದು ಚೆನ್ನಾಗಿ ಗೊತ್ತು. ಅತ್ತೆ ಒಂದು ಮಾತೂ ಆಡದೆ ಇಡೀ ಅಡುಗೆಮನೆ ಅವರ ಇಷ್ಟದಂತೆ ನಡೆಯುವುದಿಲ್ಲವೇ? ಹಾಗಾಗಿ ‘ನಾನು ಹೇಳಿಲ್ಲ’ ಎಂಬ ಮಾತು ನಿಜವಾಗಿದ್ದರೂ ಸಾಲದು. ಹೇಳದೆಯೇ ನಡೆಯುವಂಥ ಮನೆಯನ್ನು ಕಟ್ಟಿದವರು ಯಾರು ಎಂದು ಕೇಳಬೇಕು. ಛಾಗಲಾ 1958ರಲ್ಲಿ ಮಂತ್ರಿಯನ್ನೇ ಹೊಣೆ ಮಾಡಿದ್ದನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ.

ಹೈಕೋರ್ಟಿನ ಹೊಸ ಸಂಕೀರ್ಣ ನಮ್ಮ ಬಾಂದ್ರಾ ಪೂರ್ವದ ಸರಕಾರಿ ಕಾಲೋನಿಯ ಜಾಗಕ್ಕೆ ಬರಲಿದೆ. ಛಾಗಲಾ, ಲೆಂಟಿನ್ ಕುಳಿತ ಪೀಠ ನಮ್ಮ ನೆರೆಗೇ ಬರುತ್ತಿದೆ ಎಂದಾಯಿತು. ಆದರೆ ಈ ಯಾವ ಪ್ರಕರಣವೂ ನ್ಯಾಯಾಲಯದಲ್ಲಿ ತಾನಾಗಿ ಹುಟ್ಟಲಿಲ್ಲ. ಒಬ್ಬ ಪತ್ರಕರ್ತ ಬರೆದರು, ಒಬ್ಬ ಸಂಸದ ಸ್ವಂತ ಪಕ್ಷದ ವಿರುದ್ಧ ಎದ್ದು ನಿಂತರು, ಒಬ್ಬ ಮಾಜಿ ಶಾಸಕ ವರ್ಷಗಟ್ಟಲೆ ಕೋರ್ಟಿಗೆ ಅಲೆದರು. ಮುಂದಿನ ಹಗರಣ ಟಿವಿಯಲ್ಲಿ ಬಂದಾಗ ಅವರು ಉಳಿಯುತ್ತಾರೋ ಇಲ್ಲವೋ ಎಂದು ಪಂದ್ಯ ನೋಡುವಂತೆ ನೋಡುವುದು ಬೇಡ. ಹೋದದ್ದು ಯಾರ ಹಣ, ಅದು ಹಿಂದಿರುಗಿತೇ ಎಂದು ಕೇಳೋಣ. ದಿನಸಿ ಲೆಕ್ಕದಲ್ಲಿ ಐದು ರೂಪಾಯಿ ತಾಳೆಯಾಗದಿದ್ದರೂ ಬಿಡದ ನಮಗೆ ಈ ಲೆಕ್ಕ ಕೇಳುವುದು ಹೊಸ ಕೆಲಸವೇನಲ್ಲ.