ಗೇಟಿನ ಮೇಲಿನ ಬಳ್ಳಿ ಮಾಧವಿಯಲ್ಲ

ಜಮಖಂಡಿ, ಹುನ್ನೂರ, ಬನಹಟ್ಟಿ ಕಡೆ ಮನೆಗಳ ಗೇಟಿನ ಮೇಲೆ ಹಬ್ಬುವ ಒಂದು ಬಳ್ಳಿಯುಂಟು. ಸಂಜೆ ಬಿಳಿಯಾಗಿ ಅರಳಿದ ಹೂಗೊಂಚಲು ಮರುದಿನ ಗುಲಾಬಿಯಾಗುತ್ತದೆ, ಆಮೇಲೆ ಕೆಂಪಗಾಗುತ್ತದೆ. ಇದನ್ನು ಕೆಲವರು ಮಧುಮಾಲತಿ ಎಂದರೆ, ಇನ್ನು ಕೆಲವರು ಮಾಧವಿ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಇದು ರಂಗೂನ್ ಕ್ರೀಪರ್. ಚೈನೀಸ್ ಹನಿಸಕಲ್ ಎಂದೂ ಹೆಸರಿದೆ. ಆದರೆ ಹನಿಸಕಲ್ ಕುಲಕ್ಕೂ ಇದಕ್ಕೂ ನಂಟಿಲ್ಲ. ಇದು ನಮ್ಮ ಮತ್ತಿ, ತಾರೆ ಮರಗಳ ಕುಟುಂಬದ್ದು. ಕಾಳಿದಾಸನ ಮಾಧವಿಯಂತೂ ಅಲ್ಲವೇ ಅಲ್ಲ.

ನಿಜವಾದ ಮಾಧವಿ ತೇವವುಳ್ಳ ಕಾಡಿನ ಬಳ್ಳಿ. ಪಶ್ಚಿಮ ಘಟ್ಟದಲ್ಲಿ ಕಾಣಸಿಗುತ್ತದೆ; ಮಳೆ ಕಡಿಮೆಯಿರುವ ಬಯಲಿನ ಜನ ಅದನ್ನು ನೋಡಿರುವುದೇ ಅಪರೂಪ. ಕಾಂಡ ಮರದಂತೆ ಗಟ್ಟಿ. ಎಲೆಗಳು ಎದುರುಬದುರು. ಚಳಿಗಾಲದ ಕೊನೆಗೆ ಸುವಾಸನೆಯ ಬಿಳಿ ಹೂಗಳು ಗೊಂಚಲಾಗಿ ಬಿಡುತ್ತವೆ. ಐದು ಎಸಳುಗಳ ಅಂಚೂ ಜಾಲರಿಯಂತೆ ಸೀಳಿರುತ್ತದೆ, ಒಂದು ಎಸಳಿಗೆ ಮಾತ್ರ ಹಳದಿ ಬಣ್ಣ. ಹತ್ತು ಕೇಸರಗಳಲ್ಲಿ ಒಂದು ಉಳಿದವಕ್ಕಿಂತ ಬಹಳ ಉದ್ದ. ಹೆಜ್ಜೇನು ಇದರ ಪರಾಗಕ್ಕೆ ಬರುತ್ತದೆ. ಕಾಯಿಗೆ ಮೂರು ರೆಕ್ಕೆ. ಗಾಳಿಗೆ ಉದುರಿದಾಗ ಗಿರಗಿಟ್ಲೆಯಂತೆ ಸುತ್ತುತ್ತ ದೂರ ಹೋಗುತ್ತದೆ. 1790ರಲ್ಲಿ ಜರ್ಮನ್ ವಿಜ್ಞಾನಿ ಗೇರ್ಟ್ನರ್ ಇದಕ್ಕೆ 'ಹಿಪ್ಟಾಜೆ' ಎಂಬ ಕುಲನಾಮ ಕೊಟ್ಟದ್ದು, ಹಾರುವುದು ಎಂಬ ಅರ್ಥದ ಗ್ರೀಕ್ ಪದದಿಂದ.

ನಮ್ಮವರು ಹೆಸರಿಟ್ಟದ್ದು ಕಾಯಿ ನೋಡಿಯಲ್ಲ, ಹೂ ಮತ್ತು ಋತು ನೋಡಿ. 'ಮಧು' ಎಂದರೆ ಜೇನೂ ಹೌದು, ಚೈತ್ರಮಾಸವೂ ಹೌದು. ಅಮರಕೋಶ ಇದೇ ಬಳ್ಳಿಗೆ ಅತಿಮುಕ್ತ, ಪುಂಡ್ರಕ, ವಾಸಂತಿ ಎಂಬ ಹೆಸರುಗಳನ್ನೂ ಹೇಳುತ್ತದೆ. ಮೇಘದೂತದ ಯಕ್ಷನ ಮನೆಯಂಗಳದಲ್ಲಿ ಮಾಧವಿಯ ಮಂಟಪವಿದೆ. (ಆ ಕಾವ್ಯವನ್ನು ಬೇಂದ್ರೆ 1943ರಲ್ಲಿ ಕನ್ನಡಕ್ಕೆ ತಂದರು.) ಶಾಕುಂತಲದ ದುಷ್ಯಂತ ವಿರಹದಲ್ಲಿ ಹೋಗಿ ಕೂರುವುದೂ ಮಾಧವೀ ಮಂಟಪದಲ್ಲೇ. ಅದೇ ನಾಟಕದ ಮೂರನೆಯ ಅಂಕದಲ್ಲಿ ಗೆಳತಿಯರು ಶಕುಂತಲೆಯ ಪ್ರೇಮವನ್ನು ಮೆಚ್ಚಿ, ಚಿಗುರಿದ ಅತಿಮುಕ್ತ ಬಳ್ಳಿಯನ್ನು ತಾಳಬಲ್ಲದ್ದು ಮಾವಿನ ಮರವೊಂದೇ ಎಂಬರ್ಥದ ಮಾತಾಡುತ್ತಾರೆ.

ತಾಳುವ ಮಾತು ಉಪಚಾರದ್ದಲ್ಲ. ಅಲಂಕಾರಕ್ಕೆಂದು ಹೊರದೇಶಗಳಿಗೆ ಒಯ್ದ ಮಾಧವಿ ಮಾರಿಷಸ್ ಮತ್ತು ರಿಯೂನಿಯನ್ ದ್ವೀಪಗಳಲ್ಲಿ ತೋಟ ದಾಟಿ ಕಾಡಿಗೆ ನುಗ್ಗಿತು. ಅಲ್ಲಿನ ಮರಗಳನ್ನೇರಿ, ಬಿಸಿಲು ತಾಗದಂತೆ ಮುಚ್ಚಿ ಉಸಿರುಗಟ್ಟಿಸುತ್ತಿದೆ. 2000ದಲ್ಲಿ ಪ್ರಕಟವಾದ, ಜಗತ್ತಿನ 100 ಅತಿ ಹಾನಿಕಾರಕ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಮಾಧವಿಯೂ ಸೇರಿದೆ. ಕವಿಗೆ ಆಲಿಂಗನವಾಗಿ ಕಂಡದ್ದು ದ್ವೀಪದ ಮರಕ್ಕೆ ಉರುಳು.

ಹೆಸರಿನ ಗೊಂದಲ ಕನ್ನಡದಲ್ಲಿ ಮಾತ್ರ ಇಲ್ಲ. ಬಂಗಾಳದಲ್ಲೂ ಇದೆ. ರವೀಂದ್ರನಾಥ ಠಾಕೂರರು ರಂಗೂನ್ ಬಳ್ಳಿಗೆ ಮಧುಮಂಜರಿ ಎಂಬ ಬೇರೆ ಹೆಸರು ಕೊಟ್ಟರು. ಹೂ ಮುಡಿಯುವವರಿಗೆ ಯಾವುದಾದರೂ ನಡೆದೀತು, ಔಷಧಕ್ಕೆ ನಡೆಯದು. ಆಯುರ್ವೇದ ಚರ್ಮರೋಗಕ್ಕೆ ಹೇಳುವುದು ಮಾಧವಿಯ ಎಲೆಯನ್ನು. ರಂಗೂನ್ ಬಳ್ಳಿಯ ಬೀಜ ಚೀನಾ ಕಡೆಯ ವೈದ್ಯದಲ್ಲಿ ಹೊಟ್ಟೆಹುಳಕ್ಕೆ ಬಳಕೆಯಾಗುತ್ತದೆ. ಹೆಚ್ಚು ತಿಂದರೆ ವಾಂತಿ, ಬಿಕ್ಕಳಿಕೆ.

ಗುರುತು ಹಿಡಿಯುವುದು ಕಷ್ಟವಲ್ಲ. ಉದ್ದನೆಯ ಕೊಳವೆಯ ತುದಿಯಲ್ಲಿ ಅರಳಿ ಬಣ್ಣ ಬದಲಿಸುವ ಹೂ ರಂಗೂನಿನದು, ಅದರ ಕಾಯಿಗೆ ಐದು ಏಣು. ಎಸಳಿಗೆ ಜಾಲರಿ, ನಡುವೆ ಒಂದಿಷ್ಟು ಹಳದಿ, ಕಾಯಿಗೆ ಮೂರು ರೆಕ್ಕೆ ಇದ್ದರೆ ಅದು ಮಾಧವಿ.