ಮಕ್ಕಳಿಗೆ ಹೇಳದೇ ಬಿಟ್ಟ ಊರಿನ ಹೆಸರು

ಇಂಗ್ಲೆಂಡಿನ ಡಾರ್ಸೆಟ್ ಕೌಂಟಿಯಲ್ಲಿ ಟಾಲ್‌ಪಡಲ್ ಅಂತ ಒಂದು ಪುಟ್ಟ ಹಳ್ಳಿ ಇದೆ. ಪಿಡಲ್ ಅನ್ನೋ ಸಣ್ಣ ಹೊಳೆಯ ದಂಡೆ. 1834ರಲ್ಲಿ ಆ ಹಳ್ಳಿಯ ಆರು ಜನ ಕೂಲಿಗಳನ್ನ ಹಿಡಿದು, ಬೇಡಿ ಹಾಕಿ, ಆಸ್ಟ್ರೇಲಿಯಾಕ್ಕೆ ಸಾಗಿಸಿದರು. ಕಾರ್ಮಿಕ ಸಂಘಟನೆಗಳ ಇತಿಹಾಸದಲ್ಲಿ ಅವರಿಗೆ ‘ಟಾಲ್‌ಪಡಲ್ ಹುತಾತ್ಮರು’ ಅಂತ ಹೆಸರು. ಆರರಲ್ಲಿ ಒಬ್ಬರೂ ಆ ಶಿಕ್ಷೆಯಲ್ಲಿ ಸಾಯಲಿಲ್ಲ, ಆದರೂ ಹುತಾತ್ಮರು. ಆ ಕಥೆ ಪುಸ್ತಕಗಳಲ್ಲಿ ಬೇಕಾದಷ್ಟು ಸಿಗುತ್ತೆ. ನನ್ನ ಕುತೂಹಲ ಇರೋದು ಅದರ ನಂತರದ ಭಾಗದಲ್ಲಿ. ಅವರ ಮಕ್ಕಳು, ಮೊಮ್ಮಕ್ಕಳು ಎಲ್ಲಿ ಹೋದರು? ಒಂದು ಬಡ ಹಳ್ಳಿ ಕುಟುಂಬದ ವಂಶಾವಳಿಯನ್ನ ಕಾಗದಗಳಲ್ಲಿ ಹಿಡೀಬೇಕು ಅಂದ್ರೆ ಎಲ್ಲೆಲ್ಲಿ ದಾರ ತುಂಡಾಗುತ್ತೆ?

‘ಆರು ಜನ’ ಅನ್ನುವಾಗ ನಮ್ಮ ಕಣ್ಣ ಮುಂದೆ ಆರು ಬೇರೆ ಬೇರೆ ಮನೆಯ ಗಂಡಸರು ಬರ್ತಾರೆ. ಹಾಗಿರಲಿಲ್ಲ. ಜಾರ್ಜ್ ಲವ್‌ಲೆಸ್, ಅವನ ತಮ್ಮ ಜೇಮ್ಸ್ ಲವ್‌ಲೆಸ್. ಇವರ ಅಕ್ಕನ ಗಂಡ ಥಾಮಸ್ ಸ್ಟ್ಯಾಂಡ್‌ಫೀಲ್ಡ್. ಥಾಮಸ್‌ನ ಮಗ ಜಾನ್, ಅಂದ್ರೆ ಲವ್‌ಲೆಸ್ ಸಹೋದರರ ಸೋದರಳಿಯ. ಐದನೆಯವನು ಜೇಮ್ಸ್ ಬ್ರೈನ್, ಮುಂದೆ ಥಾಮಸ್‌ನ ಮಗಳು ಎಲಿಜಬೆತ್‌ಳನ್ನ ಮದುವೆಯಾಗಿ ಅದೇ ಮನೆಯ ಅಳಿಯನಾದವನು. ಹೊರಗೆ ಉಳಿದವನು ಜೇಮ್ಸ್ ಹ್ಯಾಮೆಟ್ ಒಬ್ಬನೇ. ಅಂದ್ರೆ ಇಂಗ್ಲೆಂಡಿನ ಸರ್ಕಾರ ಆವತ್ತು ಹೆದರಿದ ಆ ಭಯಂಕರ ಸಂಘದಲ್ಲಿ ಜೈಲಿಗೆ ಹೋದವರು ಬಹುಪಾಲು ಒಂದೇ ಮನೆಯ ಬೀಗರು, ನೆಂಟರು. ಸಭೆ ಸೇರ್ತಿದ್ದದ್ದೂ ಥಾಮಸ್‌ನ ಮನೆಯಲ್ಲೇ.

ಈ ನಂಟನ್ನೆಲ್ಲ ಕಟ್ಟಿದವಳು ಡಿನಾಯ. ಜಾರ್ಜ್ ಮತ್ತು ಜೇಮ್ಸ್‌ನ ಅಕ್ಕ, ಥಾಮಸ್‌ನ ಹೆಂಡತಿ, ಜಾನ್‌ನ ತಾಯಿ, ಬ್ರೈನ್‌ಗೆ ಅತ್ತೆ. ಐದು ಜನ ಗಂಡಸರ ನಡುವೆ ಗೆರೆ ಎಳೆದರೆ ಎಲ್ಲ ಗೆರೆಗಳೂ ಇವಳ ಮೂಲಕವೇ ಹೋಗ್ತವೆ. ಅವಳ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಆಗಿದ್ದೇನು ಅಂತ ಚುಟುಕಾಗಿ ಹೇಳಿಬಿಡ್ತೀನಿ. ವಾರಕ್ಕೆ ಒಂಬತ್ತು ಶಿಲ್ಲಿಂಗ್ ಇದ್ದ ಕೂಲಿ ಎಂಟಕ್ಕೆ ಇಳೀತು, ಆಮೇಲೆ ಏಳಕ್ಕೆ. ಇನ್ನು ಮುಂದೆ ಆರು ಅಂತ ಜಮೀನುದಾರರು ಹೇಳಿದರು. ಇಪ್ಪತ್ತು ಶಿಲ್ಲಿಂಗ್ ಸೇರಿದರೆ ಒಂದು ಪೌಂಡ್, ಅದರಲ್ಲಿ ಮೂರನೇ ಒಂದು ಭಾಗಕ್ಕೂ ಕಡಿಮೆ ದುಡ್ಡಲ್ಲಿ ಹೆಂಡತಿ ಮಕ್ಕಳನ್ನ ಒಂದು ವಾರ ಸಾಕಬೇಕು. ಇದಕ್ಕೂ ಮೊದಲು ಒಂದು ಪಂಚಾಯ್ತಿ ಆಗಿತ್ತು. ಸುತ್ತಲಿನ ಊರುಗಳಲ್ಲಿ ಕೊಡೋ ಕೂಲಿಯನ್ನೇ ಇಲ್ಲೂ ಕೊಡ್ತೀವಿ ಅಂತ ಊರಿನ ಪಾದ್ರಿಯ ಎದುರಿಗೆ ಜಮೀನುದಾರರು ಮಾತು ಕೊಟ್ಟಿದ್ದರು. ಆಮೇಲೆ ಅವರು ಮಾತಿಗೆ ತಪ್ಪಿದರು, ಪಾದ್ರಿಯೂ ಅಂಥ ಮಾತೇ ಆಗಿಲ್ಲ ಅಂದುಬಿಟ್ಟರು ಅಂತ ಜಾರ್ಜ್ ಮುಂದೆ ಬರೆದ. 1833ರ ಅಕ್ಟೋಬರ್‌ನಲ್ಲಿ ಕೂಲಿಗಳು ಸೇರಿ ಸಂಘ ಕಟ್ಟಿದರು.

ಈ ಪಾದ್ರಿಯ ವಿಷಯ ವಂಶಾವಳಿಗೆ ತುಂಬ ಮುಖ್ಯ. 1538ರಿಂದ ಇಂಗ್ಲೆಂಡಿನ ಪ್ರತಿ ಚರ್ಚಿನಲ್ಲೂ ಒಂದು ರಿಜಿಸ್ಟರ್ ಇಡಬೇಕು ಅಂತ ಕಾನೂನು. ಹುಟ್ಟಿದ ಮಗುವಿನ ದೀಕ್ಷಾಸ್ನಾನ, ಮದುವೆ, ಮಣ್ಣು, ಈ ಮೂರನ್ನೂ ಬರೆಯಬೇಕು. ನಮ್ಮ ಹೆಳವರ ಹೊತ್ತಿಗೆ ಇದ್ದ ಹಾಗೆ ಅನ್ನಬಹುದು, ಆದರೆ ಅಲ್ಲಿ ಹೊತ್ತಿಗೆ ಇರೋದು ಚರ್ಚಿನ ಪೆಟ್ಟಿಗೆಯಲ್ಲಿ. ಹಾಗಾಗಿಯೇ ಅಂಗೈ ಅಗಲ ಜಮೀನು ಇಲ್ಲದ ಕೂಲಿಯ ಮನೆಯನ್ನೂ ಹತ್ತು ತಲೆಮಾರು ಹಿಂದಕ್ಕೆ ಹಿಡಿಯೋಕೆ ಅಲ್ಲಿ ಸಾಧ್ಯ ಆಗುತ್ತೆ. 1813ರಿಂದ ಅಚ್ಚು ಹಾಕಿದ ಫಾರಂ ಬಂತು, ಅಪ್ಪನ ಕಸುಬಿಗೂ ಒಂದು ಕಾಲಂ ಸೇರಿತು. ಟಾಲ್‌ಪಡಲ್‌ನಂಥ ಊರಿನ ಪುಟ ತೆಗೆದರೆ ಆ ಕಾಲಂನಲ್ಲಿ ಮೇಲಿಂದ ಕೆಳಗೆ ಬಹುತೇಕ ಒಂದೇ ಪದ: ಕೂಲಿ, ಕೂಲಿ, ಕೂಲಿ. ಹುಟ್ಟಿದ್ದು, ಸತ್ತದ್ದು ಬರಕೊಳ್ಳೋಕೆ ಪುಸ್ತಕ ಇತ್ತು, ಕೂಲಿಯ ಮಾತು ಬರಕೊಳ್ಳೋಕೆ ಇರಲಿಲ್ಲ.

ಇನ್ನೊಂದು ತೊಡಕು. ಜಾರ್ಜ್ ಮೆಥಡಿಸ್ಟ್ ಪಂಥದ ಬೋಧಕ, ಭಾನುವಾರ ಊರೂರು ನಡೆದು ಉಪದೇಶ ಮಾಡ್ತಿದ್ದವನು. ಇಂಥವರು ಮಕ್ಕಳ ದೀಕ್ಷಾಸ್ನಾನವನ್ನ ಕೆಲವೊಮ್ಮೆ ತಮ್ಮದೇ ಪ್ರಾರ್ಥನಾ ಮಂದಿರದಲ್ಲಿ ಮಾಡಿಸ್ತಿದ್ದರು. ಆಗ ಚರ್ಚಿನ ಪುಸ್ತಕದಲ್ಲಿ ಮಗು ಇರಲ್ಲ. ಸಾಫ್ಟ್‌ವೇರ್‌ನವರಿಗೆ ಇದು ಹೊಸದಲ್ಲ: ಡೇಟಾ ಇಲ್ಲ ಅಂದ್ರೆ ಮನುಷ್ಯನೇ ಇರಲಿಲ್ಲ ಅಂತಲ್ಲ, ಬೇರೆ ಟೇಬಲ್‌ನಲ್ಲಿದ್ದಾನೆ ಅಷ್ಟೆ.

1834ರ ಫೆಬ್ರವರಿ 24ರ ಬೆಳಗ್ಗೆ ಆರು ಜನರ ಬಂಧನವಾಯ್ತು. ಸಂಘ ಕಟ್ಟೋದು ಅಪರಾಧ ಅನ್ನೋ ಹಾಗಿರಲಿಲ್ಲ, ಅದನ್ನ ನಿಷೇಧಿಸಿದ್ದ ಕಾನೂನು 1824ರಲ್ಲೇ ರದ್ದಾಗಿತ್ತು. ಆದರೆ ಸೇರುವವರ ಕಣ್ಣಿಗೆ ಬಟ್ಟೆ ಕಟ್ಟಿ, ಅಸ್ಥಿಪಂಜರದ ಚಿತ್ರದ ಮುಂದೆ ಪ್ರಮಾಣ ಮಾಡಿಸ್ತಿದ್ದರಲ್ಲ, ಅದನ್ನ ಹಿಡಿದುಕೊಂಡರು. ನೌಕಾಪಡೆಯ ದಂಗೆಯ ಕಾಲದಲ್ಲಿ, 1797ರಲ್ಲಿ, ಮಾಡಿದ್ದ ಗುಪ್ತ ಪ್ರಮಾಣದ ಕಾನೂನನ್ನ ಧೂಳು ಕೊಡವಿ ತಂದು ಏಳು ವರ್ಷ ಗಡೀಪಾರು ವಿಧಿಸಿದರು. ಮನೆಯಲ್ಲಿ ಉಳಿದ ಹೆಂಗಸರು ಪ್ಯಾರಿಶ್‌ನ ಬಡವರ ಪರಿಹಾರ ಕೇಳಿದರೆ ಅದೂ ಸಿಗಲಿಲ್ಲ. ಊರೂರಿನ ಕೆಲಸಗಾರರು ಚಂದಾ ಎತ್ತಿ ಕಳಿಸಿದ ದುಡ್ಡಲ್ಲಿ ಆ ಮಕ್ಕಳು ಉಂಡವು.

ವಿಚಿತ್ರ ಅಂದ್ರೆ, ಶಿಕ್ಷೆ ಆದದ್ದೇ ಈ ಮನೆಯ ವಂಶ ಹುಡುಕೋರಿಗೆ ಅನುಕೂಲ ಆಯ್ತು. 1788ರಿಂದ 1868ರವರೆಗೆ ಸುಮಾರು 1,62,000 ಕೈದಿಗಳನ್ನ ಆಸ್ಟ್ರೇಲಿಯಾಕ್ಕೆ ಸಾಗಿಸಿದ ಬ್ರಿಟಿಷರು ಒಬ್ಬೊಬ್ಬರದೂ ಎತ್ತರ, ಮೈಬಣ್ಣ, ಕೂದಲು, ಕಣ್ಣು, ಗಾಯದ ಗುರುತು, ಓದು ಬರಹ ಬರುತ್ತೋ ಇಲ್ಲವೋ ಅಂತೆಲ್ಲ ಬರಕೊಂಡರು. ಆ ದಾಖಲೆಗಳು 2007ರಲ್ಲಿ ಯುನೆಸ್ಕೋದ ವಿಶ್ವ ಸ್ಮೃತಿ ಪಟ್ಟಿಗೂ ಸೇರಿದವು. ಡಾರ್ಸೆಟ್‌ನಲ್ಲೇ ಕೂಲಿ ಮಾಡಿಕೊಂಡು ಪ್ರಾಮಾಣಿಕವಾಗಿ ಸತ್ತ ಪಕ್ಕದ ಮನೆಯವನ ಕಣ್ಣಿನ ಬಣ್ಣ ಯಾವುದು ಅಂತ ಇವತ್ತು ಯಾರೂ ಹೇಳಲಾರರು. ಬಡವನ ಬಗ್ಗೆ ಸರ್ಕಾರ ಇಷ್ಟು ಆಸಕ್ತಿಯಿಂದ ಬರೆಯಬೇಕಾದರೆ ಅವನು ಕೈದಿಯಾಗಬೇಕಿತ್ತು.

ಐವರನ್ನ ನ್ಯೂ ಸೌತ್ ವೇಲ್ಸ್‌ಗೆ ಕಳಿಸಿದರು. ಕಾಯಿಲೆ ಬಿದ್ದಿದ್ದ ಜಾರ್ಜ್ ತಡವಾಗಿ, ಬೇರೆ ಹಡಗಲ್ಲಿ, ಈಗಿನ ಟಾಸ್ಮೇನಿಯಾಕ್ಕೆ ಹೋದ. ಇತ್ತ ಲಂಡನ್‌ನಲ್ಲಿ ಭಾರೀ ಮೆರವಣಿಗೆ ಆಯ್ತು, ಲಕ್ಷಗಟ್ಟಲೆ ಸಹಿಯ ಅರ್ಜಿಗಳು ಹೋದವು, 1836ರ ಮಾರ್ಚ್‌ನಲ್ಲಿ ಪೂರ್ಣ ಕ್ಷಮಾದಾನ ಬಂತು. ಜಾರ್ಜ್‌ಗೆ ಅದು ಗೊತ್ತಾಗಿದ್ದು ಪತ್ರಿಕೆ ಓದಿ! ಗೊತ್ತಾದ ಮೇಲೂ ಅವನು ಕೂಡಲೇ ಹೊರಡಲಿಲ್ಲ. ಹೆಂಡತಿ ಎಲಿಜಬೆತ್‌ಗೆ ಮಕ್ಕಳನ್ನ ಕರಕೊಂಡು ಇಲ್ಲಿಗೇ ಬಾ ಅಂತ ಮೊದಲೇ ಕಾಗದ ಬರೆದಿದ್ದ. ತಾನು ಈ ಹಡಗು ಹತ್ತಿ, ಅವಳು ಆ ಹಡಗು ಹತ್ತಿಬಿಟ್ಟರೆ? ಅವಳು ಬರ್ತಿಲ್ಲ ಅನ್ನೋ ಕಾಗದ ಕೈಸೇರೋವರೆಗೂ ಕಾದು, 1837ರ ಜೂನ್‌ನಲ್ಲಿ ಲಂಡನ್ ಮುಟ್ಟಿದ. ಇವತ್ತು ಮೆಸೇಜಿನ ಎರಡು ನೀಲಿ ಗೆರೆಗೆ ಐದು ನಿಮಿಷ ಕಾಯೋಕೆ ಆಗದ ನಾವು ಆ ತಿಂಗಳುಗಳನ್ನ ಊಹಿಸೋದು ಕಷ್ಟವೇ. ಸ್ಟ್ಯಾಂಡ್‌ಫೀಲ್ಡ್ ಅಪ್ಪ ಮಗ, ಜೇಮ್ಸ್ ಲವ್‌ಲೆಸ್, ಬ್ರೈನ್ 1838ರಲ್ಲಿ ಬಂದರು. ಹ್ಯಾಮೆಟ್ 1839ರಲ್ಲಿ.

ವಾಪಸ್ಸಾದವರನ್ನ ಡಾರ್ಸೆಟ್‌ನ ಜಮೀನುದಾರರು ಕೆಲಸಕ್ಕೆ ಇಟ್ಟುಕೊಳ್ಳೋದುಂಟೇ? ಬೆಂಬಲಿಗರು ಚಂದಾ ದುಡ್ಡಲ್ಲಿ ಎಸೆಕ್ಸ್ ಕೌಂಟಿಯಲ್ಲಿ ಹೊಲ ಗುತ್ತಿಗೆಗೆ ಕೊಡಿಸಿದರು. 1839ರಲ್ಲಿ ಅಲ್ಲಿನ ಗ್ರೀನ್‌ಸ್ಟೆಡ್‌ನ ಹಳೇ ಮರದ ಚರ್ಚಿನಲ್ಲಿ ಜೇಮ್ಸ್ ಬ್ರೈನ್, ಎಲಿಜಬೆತ್ ಸ್ಟ್ಯಾಂಡ್‌ಫೀಲ್ಡ್ ಮದುವೆ ಆಯ್ತು.

ಈ ಮದುವೆ ದಾಖಲೆ ಹತ್ತಿರ ಸ್ವಲ್ಪ ನಿಲ್ಲೋಣ. 1837ರ ಜುಲೈ 1ರಿಂದ ಇಂಗ್ಲೆಂಡಿನಲ್ಲಿ ಸರ್ಕಾರಿ ನೋಂದಣಿ ಶುರುವಾಗಿತ್ತು. ಹೊಸ ಮದುವೆ ಫಾರಂನಲ್ಲಿ ಗಂಡು ಹೆಣ್ಣು ಇಬ್ಬರ ಅಪ್ಪಂದಿರ ಹೆಸರು, ಕಸುಬು ಬರೀಬೇಕು. ಅಮ್ಮಂದಿರ ಹೆಸರಿಗೆ ಜಾಗವೇ ಇಲ್ಲ. ಹಾಗಾಗಿ ಎಲಿಜಬೆತ್‌ಳ ಸಾಲಿನಲ್ಲಿ ಥಾಮಸ್‌ಗೆ ಜಾಗ ಉಂಟು, ಡಿನಾಯಗೆ ಇಲ್ಲ. ಹಿಂದಿನ ದೀಕ್ಷಾಸ್ನಾನದ ಫಾರಂನಲ್ಲಿ ತಾಯಿಯ ಹೆಸರು ಇರುತ್ತೆ, ತವರಿನ ಮನೆತನದ ಹೆಸರು ಇರಲ್ಲ. ಬ್ರೈನ್ ಮಕ್ಕಳು ಲವ್‌ಲೆಸ್ ಮನೆಯ ಮೊಮ್ಮಕ್ಕಳು ಅನ್ನೋದನ್ನ ಹಿಡೀಬೇಕಾದರೆ ಥಾಮಸ್‌ನ ಮದುವೆ ದಾಖಲೆಯವರೆಗೂ ಹೋಗಲೇಬೇಕು. ಮನೆತನದ ಹೆಸರು ಹಿಡಿದು ಹುಡುಕೋರಿಗೆ ಇವರು ಸಿಗೋದೇ ಇಲ್ಲ. ಇಂಗ್ಲೆಂಡಿನ ಮದುವೆ ದಾಖಲೆಯಲ್ಲಿ ತಾಯಿಯ ಹೆಸರಿಗೆ ಜಾಗ ಸಿಕ್ಕಿದ್ದು 2021ರ ಮೇ ತಿಂಗಳಲ್ಲಿ. 184 ವರ್ಷ ಬೇಕಾಯ್ತು ಒಂದು ಕಾಲಂ ಸೇರಿಸೋಕೆ. ಇದಕ್ಕಿಂತ ನಿಧಾನವಾದ ರಿಲೀಸ್ ನಾನು ನೋಡಿಲ್ಲ.

ಜೊತೆಗೆ ಕಾಗುಣಿತದ ಕಾಟ. ಸ್ಟ್ಯಾಂಡ್‌ಫೀಲ್ಡ್ ಒಂದು ಕಡೆ, ಸ್ಟ್ಯಾನ್‌ಫೀಲ್ಡ್ ಇನ್ನೊಂದು ಕಡೆ. ಲವ್‌ಲೆಸ್ ಕೆಲವು ಕಡೆ ಲವ್‌ಲಾಸ್. ಗುಮಾಸ್ತನ ಕಿವಿಗೆ ಕೇಳಿದ್ದೇ ಹೆಸರು.

1841ರ ಜೂನ್‌ನಲ್ಲಿ ಜನಗಣತಿ ನಡೀತು. ಮನೆಮನೆಯಲ್ಲಿ ಪ್ರತಿಯೊಬ್ಬರ ಹೆಸರು ಬರಕೊಂಡ ಮೊದಲ ದೇಶವ್ಯಾಪಿ ಗಣತಿ ಅದು. ಆದರೆ ಹುಟ್ಟಿದ ಊರು ಯಾವುದು ಅಂತ ಕೇಳಲಿಲ್ಲ. ಇದೇ ಕೌಂಟಿಯಲ್ಲಿ ಹುಟ್ಟಿದ್ದಾ, ಹೌದೋ ಅಲ್ಲವೋ, ಅಷ್ಟೆ. ದೊಡ್ಡವರ ವಯಸ್ಸನ್ನೂ ಐದರ ಗುಣಕಕ್ಕೆ ಇಳಿಸಿ ಬರೆಯಿರಿ ಅಂತ ಸೂಚನೆ. ಡಾರ್ಸೆಟ್‌ನಿಂದ ಎಸೆಕ್ಸ್‌ಗೆ ಬಂದವರ ಮುಂದೆ ಬರೋದು ‘ಅಲ್ಲ’ ಅನ್ನೋ ಒಂದೇ ಅಕ್ಷರ. ಹುಟ್ಟಿದ ಹಳ್ಳಿಯ ಹೆಸರು ಬರೀಬೇಕು ಅಂತಾದದ್ದು 1851ರ ಗಣತಿಯಲ್ಲಿ. ಅಷ್ಟರಲ್ಲಿ ಐವರೂ ಇಂಗ್ಲೆಂಡನ್ನೇ ಬಿಟ್ಟಾಗಿತ್ತು.

ಎಸೆಕ್ಸ್‌ನಲ್ಲೂ ಅವರನ್ನ ನೆಮ್ಮದಿಯಾಗಿ ಬಿಡಲಿಲ್ಲ. ಅಲ್ಲೂ ಅವರು ಚಾರ್ಟಿಸ್ಟ್ ಚಳವಳಿ ಸೇರಿ ಮತದಾನದ ಹಕ್ಕು ಕೇಳ್ತಿದ್ದರು, ಅಲ್ಲಿನ ಪಾದ್ರಿಗೂ ಜಮೀನುದಾರರಿಗೂ ಕಣ್ಣುರಿ. 1844ರಿಂದ ಎರಡು ಮೂರು ವರ್ಷದೊಳಗೆ ಲವ್‌ಲೆಸ್, ಸ್ಟ್ಯಾಂಡ್‌ಫೀಲ್ಡ್, ಬ್ರೈನ್ ಕುಟುಂಬಗಳು ಕೆನಡಾಕ್ಕೆ ಹೊರಟುಹೋದವು, ಈಗಿನ ಒಂಟಾರಿಯೊ ಪ್ರಾಂತ್ಯದ ಲಂಡನ್ ಊರಿನ ಸುತ್ತಮುತ್ತಲಿಗೆ. ಅಲ್ಲಿ ಜಾರ್ಜ್ ಹೊಲ ಮಾಡಿದ, ಸೈಲೋಮ್ ಅನ್ನೋ ಕಡೆ ಮೆಥಡಿಸ್ಟ್ ಚರ್ಚ್ ಕಟ್ಟೋಕೆ ನೆರವಾದ, 1874ರಲ್ಲಿ ತೀರಿಕೊಂಡು ಅಲ್ಲೇ ಮಣ್ಣಾದ. ತಮ್ಮ ಜೇಮ್ಸ್ ಒಂದು ಚರ್ಚಿನ ಮೇಲ್ವಿಚಾರಕನಾದ. ಅಳಿಯ ಜಾನ್ ಸ್ಟ್ಯಾಂಡ್‌ಫೀಲ್ಡ್ ಹೋಟೆಲ್ ನಡೆಸಿ, ಊರಿನ ದೊಡ್ಡ ಮನುಷ್ಯ ಅನ್ನಿಸಿಕೊಂಡ.

ಅಲ್ಲಿ ಅವರು ಬಾಯಿ ಬಿಡಲಿಲ್ಲ. ಹಳೇ ಕಥೆಯನ್ನ ಮಕ್ಕಳಿಗೂ ಹೇಳಬಾರದು ಅಂತ ಹಿರಿಯರು ತೀರ್ಮಾನ ಮಾಡಿದ್ದರು ಅನ್ನೋದು ಆ ಕುಟುಂಬಗಳಲ್ಲಿ ಉಳಿದ ಮಾತು. ಕೆನಡಾದ ಗಣತಿಯೂ ಇದಕ್ಕೆ ಸಾಥ್ ಕೊಟ್ಟಿತು, ಹುಟ್ಟಿದ ಸ್ಥಳದ ಮುಂದೆ ‘ಇಂಗ್ಲೆಂಡ್’ ಅಂತ ಬರೆದರೆ ಸಾಕಿತ್ತು. ಹೀಗೆ ಟಾಲ್‌ಪಡಲ್ ಅನ್ನೋ ಪದ ಬಾಯಿಂದಲೂ ಹೋಯ್ತು, ಕಾಗದದಿಂದಲೂ ಹೋಯ್ತು. ನಾವಿದನ್ನ ಹೇಡಿತನ ಅನ್ನೋ ಹಾಗಿಲ್ಲ. ಕ್ಷಮಾದಾನ ಸಿಕ್ಕಿದ್ದರೂ ‘ಕೈದಿಯ ಮಗ’ ಅನ್ನೋ ಹೆಸರು ಹೊಸ ಊರಲ್ಲಿ ಮಗನ ಕೆಲಸವನ್ನೂ ಮಗಳ ಮದುವೆಯನ್ನೂ ಕೆಡಿಸಬಹುದಿತ್ತು. ಅದೂ ಅಲ್ಲದೆ ಜಾರ್ಜ್ ಮೂಕನೇನಲ್ಲ. ವಾಪಸ್ ಬಂದ ವರ್ಷವೇ ಅಷ್ಟೂ ಕಥೆಯನ್ನ ಪುಸ್ತಕ ಮಾಡಿ ಇಂಗ್ಲೆಂಡಿಗೆಲ್ಲ ಹಂಚಿದವನು. ಅವನು ಲೋಕಕ್ಕೆ ಹೇಳಿ ಮುಗಿಸಿದ್ದ, ಮನೆಗೆ ಬೇಡ ಅಂದುಕೊಂಡ. ವಂಶವೃಕ್ಷ ಹುಡುಕೋ ಉತ್ಸಾಹದಲ್ಲಿ ನಾವು ಅಜ್ಜ ಮುಚ್ಚಿಟ್ಟಿದ್ದನ್ನೆಲ್ಲ ತೆಗೆಯೋದು ನಮ್ಮ ಹಕ್ಕು ಅಂದುಕೊಳ್ತೀವಿ. ಈ ಮನೆಯ ವಿಷಯದಲ್ಲಿ ನನಗೆ ಅಷ್ಟು ಖಾತ್ರಿ ಇಲ್ಲ.

ಊರಿಗೇ ಮರಳಿದವನು ಹ್ಯಾಮೆಟ್. ಅವನು ಆ ಸಭೆಯಲ್ಲಿ ಇರಲೇ ಇಲ್ಲ, ತುಂಬು ಗರ್ಭಿಣಿ ಹೆಂಡತಿಯಿದ್ದ ಅಣ್ಣ ತಮ್ಮಂದಿರಲ್ಲೊಬ್ಬನ ಬದಲಿಗೆ ಜೈಲಿಗೆ ಹೋದ ಅನ್ನೋ ಕಥೆ ಇದೆ. ಟಾಲ್‌ಪಡಲ್‌ನಲ್ಲಿ ಕಟ್ಟಡದ ಕೂಲಿ ಮಾಡಿ ಬಾಳಿದ. ಮುದಿತನದಲ್ಲಿ ಕಣ್ಣು ಹೋದಾಗ ಮನೆಯವರಿಗೆ ಭಾರ ಆಗಬಾರದು ಅಂತ ಡಾರ್ಚೆಸ್ಟರ್‌ನ ಬಡವರ ಆಶ್ರಯಕ್ಕೆ ಸೇರಿ, 1891ರಲ್ಲಿ ಸತ್ತ. ಮಣ್ಣು ಮಾಡುವಾಗ ಯಾರೂ ಯೂನಿಯನ್ ಪರ ಭಾಷಣ ಬಿಗಿಯದಂತೆ ಜಮೀನ್ದಾರ ಅಲ್ಲೇ ನಿಂತು ಕಾದನಂತೆ. 1934ರಲ್ಲಿ, ಶಿಕ್ಷೆಯಾಗಿ ನೂರು ವರ್ಷ ತುಂಬಿದಾಗ, ಬ್ರಿಟನ್ನಿನ ಕಾರ್ಮಿಕ ಸಂಘಟನೆಗಳು ಟಾಲ್‌ಪಡಲ್‌ನಲ್ಲಿ ಆರು ಮನೆ ಕಟ್ಟಿ ಒಂದೊಂದಕ್ಕೂ ಒಬ್ಬೊಬ್ಬನ ಹೆಸರಿಟ್ಟವು. ಶಿಲ್ಪಿ ಎರಿಕ್ ಗಿಲ್ ಕೆತ್ತಿದ ಕಲ್ಲು ಆಗ ಹ್ಯಾಮೆಟ್‌ನ ಗೋರಿಯ ಮೇಲೆ ಬಂತು. ಆ ಊರಿನ ಮಣ್ಣಲ್ಲಿರೋದು ಆರರಲ್ಲಿ ಅವನೊಬ್ಬನೇ.

ಆರು ಜನರಲ್ಲಿ ಕೊನೆಗೆ ಹೋದವನು ಜೇಮ್ಸ್ ಬ್ರೈನ್, 1902ರಲ್ಲಿ, ಒಂಟಾರಿಯೊದ ಸೇಂಟ್ ಮೇರೀಸ್‌ನಲ್ಲಿ. ಡಿನಾಯಳ ಮಗಳ ಮಕ್ಕಳು ಬ್ರೈನ್ ಅನ್ನೋ ಹೆಸರಲ್ಲಿ ಆ ಸೀಮೆಯಲ್ಲಿ ಬೆಳೆದರು, ಅವರ ಹೆಣ್ಣುಮಕ್ಕಳು ಇನ್ಯಾವುದೋ ಹೆಸರಿಗೆ ಹೋದರು. ಒಂಟಾರಿಯೊದ ಲಂಡನ್ನಿನಲ್ಲಿ ಈಗ ಹುತಾತ್ಮರ ನೆನಪಿಗೆ ಹೆಸರಿಟ್ಟ ಒಂದು ಸಹಕಾರಿ ವಸತಿ ಸಮುಚ್ಚಯ ಇದೆ. ಹೆಸರು ಟಾಲ್‌ಪಡಲ್. ಅಲ್ಲಿನ ಬಾಡಿಗೆದಾರರ ಕರೆಂಟ್ ಬಿಲ್ಲು, ಕೊರಿಯರ್ ಎಲ್ಲ ಆ ವಿಳಾಸಕ್ಕೇ ಬರ್ತವೆ.